ಬೆಲೆ ಹೇಳುವ ಬಾಯಿ

(ನಮ್ಮ ತಾಲ್ಲೂಕಿನ ಬೆಳೆಗಾರರ ಮೇಳದ ಹಿಂದಿನ ದಿನ, ಮಳಿಗೆ ಹಾಕಲು ಬಂದಿದ್ದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶಾಮಿಯಾನದವರು ಇನ್ನೂ ಗೂಟ ಹೊಡೆಯುತ್ತಿದ್ದಾರೆ. ಆ ಸದ್ದಿನ ನಡುವೆಯೇ ನನ್ನ ಮಾತನ್ನೂ ಕೇಳಿಸಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ನಾಳೆ ಮಂತ್ರಿಗಳು ಬರುತ್ತಾರೆ, ದೀಪ ಹಚ್ಚುತ್ತಾರೆ, ರೈತ ದೇಶದ ಬೆನ್ನೆಲುಬು ಎನ್ನುತ್ತಾರೆ. ಅದು ಆಗಲಿ. ಇವತ್ತು ನಾವು ನಾವೇ ಇರುವಾಗ ಹೇಳಬೇಕಾದ ಮಾತು ಬೇರೆ ಇದೆ.

ನನ್ನ ಮೊದಲ ಮೇಳದ ಕಥೆಯಿಂದ ಶುರು ಮಾಡುತ್ತೇನೆ. ಐದೈದು ಕೆ.ಜಿ.ಯ ಬಟ್ಟೆ ಚೀಲಗಳಲ್ಲಿ ರಾಜಮುಡಿ ಅಕ್ಕಿ ತುಂಬಿಕೊಂಡು ಪೇಟೆಗೆ ಹೋಗಿದ್ದೆ. ಮೇಜಿನ ಹಿಂದೆ ನಿಂತ ಹತ್ತು ನಿಮಿಷಕ್ಕೇ ಒಬ್ಬರು ಹೆಂಗಸು ಬಂದು ಚೀಲವನ್ನು ಮುಟ್ಟಿ ನೋಡಿ "ಎಷ್ಟು?" ಎಂದರು. ನಾನು ಪಕ್ಕದವರನ್ನು ಕೇಳಿದರೇನೋ ಎಂದು ತಿರುಗಿ ನೋಡಿದೆ. ನನ್ನನ್ನೇ ಕೇಳಿದ್ದರು. ಬಾಯಿ ಒಣಗಿತು. "ನೀವೇ ನೋಡಿ ಕೊಡಿ ಅಮ್ಮ" ಎಂದುಬಿಟ್ಟೆ. ಅವರು ನಕ್ಕು, "ನಾನು ನೋಡಿ ಕೊಟ್ಟರೆ ನಮ್ಮ ಬೀದಿಯ ಅಂಗಡಿಯಲ್ಲಿ ಸೋನಾಮಸೂರಿಗೆ ಕೊಡುವಷ್ಟೇ ಕೊಡುತ್ತೇನೆ" ಎಂದರು. ಅಷ್ಟೇ ಕೊಟ್ಟರು. ಅದನ್ನು ಕೇಳಿಸಿಕೊಂಡ ಉಳಿದವರೂ ಅಷ್ಟೇ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಚೀಲಗಳೆಲ್ಲ ಖಾಲಿ. ಸಂಘಟಕರು ಮೈಕಿನಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ರಾತ್ರಿ ಮನೆಗೆ ಬಂದು ಗಿರಣಿಯ ಕೂಲಿ, ಚೀಲದ ದುಡ್ಡು, ಟೆಂಪೊ ಬಾಡಿಗೆ ಎಲ್ಲ ಕಳೆದು ನೋಡಿದರೆ, ಕಣಕ್ಕೇ ಬಂದು ಭತ್ತ ಅಳೆದುಕೊಂಡು ಹೋಗುವ ವ್ಯಾಪಾರಿ ಕೊಡುತ್ತಿದ್ದುದಕ್ಕಿಂತ ಕಡಿಮೆ ಉಳಿದಿತ್ತು. ಮೇಲಿಂದ ಒಂದು ದಿನದ ಕೆಲಸ ಬೇರೆ ಹಾಳು.

ಅದಕ್ಕೆ ನಾನು ಆ ತಾಯಿಯನ್ನು ದೂರುವುದಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಇಪ್ಪತ್ತು ವರ್ಷ ಬೇಸಾಯ ಮಾಡಿದ್ದ ನಾನು ಅದುವರೆಗೆ ಒಮ್ಮೆಯೂ ನನ್ನ ಬಾಯಿಂದ ಬೆಲೆ ಹೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆ ದಿನ.

ನೀವೂ ಒಮ್ಮೆ ನೆನಪು ಮಾಡಿಕೊಂಡು ನೋಡಿ. ಡೇರಿಗೆ ಹಾಲು ಹಾಕುತ್ತೇವೆ. ಕೊಬ್ಬಿನ ಅಂಶ ಇಷ್ಟು, ಎಸ್‌ಎನ್‌ಎಫ್ ಎಂಬ ಕೊಬ್ಬಲ್ಲದ ಘನಾಂಶ ಇಷ್ಟು, ದುಡ್ಡು ಇಷ್ಟು ಎಂದು ಯಂತ್ರ ಚೀಟಿ ಕೊಡುತ್ತದೆ. ಕಬ್ಬಿನ ಬೆಲೆ ದೆಹಲಿಯಲ್ಲಿ ನಿಗದಿಯಾಗುತ್ತದೆ. ಕೊಬ್ಬರಿಯನ್ನು ತಿಪಟೂರು ಮಾರುಕಟ್ಟೆಗೆ ಒಯ್ದರೆ ಬೆಲೆ ಬರೆಯುವವರು ಖರೀದಿದಾರರು. ಮೊದಲು ಕೂಗುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಹಾಕುತ್ತಾರೆ. ನಮ್ಮ ಎಪಿಎಂಸಿ, ಅಂದರೆ ಕೃಷಿ ಮಾರುಕಟ್ಟೆಗಳ ಕಾಯಿದೆ 1966ರದ್ದು. ಅದು ಬಂದದ್ದು ತೂಕದ ಮೋಸ, ಸೂಟು ಎಂಬ ತೂಕದ ಕಡಿತ, ಕಮಿಷನ್ ಕಾಟಗಳಿಂದ ರೈತನನ್ನು ಕಾಪಾಡಲು. ಬಹಳಷ್ಟು ಕಾಪಾಡಿದೆ ಎಂದೇ ನಾನು ನಂಬಿದವನು. ಆದರೆ ಅದರ ಒಳಗೂ ರೈತ ಬೆಲೆಯನ್ನು ಒಪ್ಪಬಹುದು ಅಥವಾ ಬಿಡಬಹುದು, ಅಷ್ಟೆ. ಹೇಳುವ ಸರದಿ ಅವನದಲ್ಲ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೋಡಿದವರಿಗೆ ಇನ್ನೊಂದು ಚಿತ್ರ ಗೊತ್ತು. ಹಳ್ಳಿಕಾರ್ ಜೋಡಿಯ ಮುಂದೆ ಇಬ್ಬರು ನಿಂತಿರುತ್ತಾರೆ, ಕೈಗಳ ಮೇಲೆ ಟವೆಲ್ ಮುಚ್ಚಿರುತ್ತದೆ, ಅದರ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಚಂದದ ಕಲೆ, ಸಂದೇಹವಿಲ್ಲ. ಆದರೆ ಆ ಬೆರಳಿನ ಭಾಷೆಯಲ್ಲಿ ಪಳಗಿದವನು ದಲ್ಲಾಳಿ; ವರ್ಷಕ್ಕೊಮ್ಮೆ ಎತ್ತು ಮಾರುವ ರೈತನಲ್ಲ. ಕುರಿ ಸಾಕುವವರ ಕಥೆಯೂ ಅಷ್ಟೇ. ಮಳವಳ್ಳಿ ಕಡೆಯ ಬಂಡೂರು ಕುರಿಯ ಮಾಂಸದ ರುಚಿಗೆ ಪೇಟೆಯಲ್ಲಿ ಹೆಸರಿದೆ. ಹಟ್ಟಿಯ ಮುಂದೆ ಮಾತ್ರ ಕುರಿ ಮಾರಾಟವಾಗುವುದು ಬಹುಪಾಲು ಕಣ್ಣಂದಾಜಿನಲ್ಲಿ. ಅಂದಾಜು ಮಾಡುವ ಕಣ್ಣು ಕೊಳ್ಳುವವನದು.

ಹಾಗಾದರೆ ನಮ್ಮಲ್ಲಿ ಬೆಲೆ ಹೇಳುವವರು ಯಾರೂ ಇರಲಿಲ್ಲವೇ? ಇದ್ದರು, ಇದ್ದಾರೆ. ವಾರದ ಸಂತೆಯಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪಿನ ಕಟ್ಟು, ಬದನೆಯ ಗುಡ್ಡೆ ಇಟ್ಟುಕೊಂಡು ಕೂರುವ ಹೆಂಗಸರು. ಬೋಣಿಯ ಗಿರಾಕಿಗೆ ಒಂದು ಬೆಲೆ, ಬಿಸಿಲೇರಿದ ಮೇಲೆ ಇನ್ನೊಂದು. ಯಾರಿಗೆ ಕೊಸರು ಹಾಕಬೇಕು, ಯಾರ ಚೌಕಾಸಿಗೆ ಬಗ್ಗಬಾರದು ಎಂಬುದೆಲ್ಲ ಅವರಿಗೆ ಕರತಲಾಮಲಕ. ಐದು ಎಕರೆಯ ಯಜಮಾನನಿಗೆ ಬಾರದ ವಿದ್ಯೆ ಐದು ಗುಂಟೆಯ ಆ ಅಕ್ಕನಿಗೆ ಬರುತ್ತದೆ. ನಾವು ಮೇಳ ಮಾಡುವವರು ತರಬೇತಿ ಕೊಡಿಸಲು ಪಟ್ಟಣದಿಂದ ಪ್ಯಾಂಟು ಹಾಕಿದವರನ್ನು ಕರೆಸುತ್ತೇವೆ. ಸಂತೆಯ ಅಕ್ಕನನ್ನು ಕರೆದು ವೇದಿಕೆಯ ಮೇಲೆ ಕೂರಿಸಿದ ಮೇಳವನ್ನು ನಾನು ಇನ್ನೂ ನೋಡಿಲ್ಲ. ಈ ಸಲ ಕರೆದಿದ್ದೇವೆ, ಮುಂದಿನ ಸಾಲಿನಲ್ಲಿದ್ದಾರೆ. ಅವರ ಮಾತು ನನ್ನ ನಂತರ.

ಮೇಳ ಎಂಬುದು ಹೊಸ ಸಂಗತಿಯೂ ಅಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ ಮತ್ತೇನು? ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ದಾಸರಹಳ್ಳಿಯ ರೈತರ ಹೊಲಕ್ಕೆ ಬಸವ ನುಗ್ಗುತ್ತಿದ್ದನಂತೆ, ಮೊದಲ ಫಸಲನ್ನು ಅವನಿಗೇ ಒಪ್ಪಿಸುತ್ತೇವೆಂದು ಹರಕೆ ಹೊತ್ತರಂತೆ. ಕಥೆ ಅದು. ಆ ಹೊಲಗಳ ಮೇಲೆ ಈಗ ನಾಲ್ಕು ಅಂತಸ್ತಿನ ಮನೆಗಳಿವೆ. ಕಾಯಿ ಕೋಲಾರ, ಚಿಂತಾಮಣಿ ಕಡೆಯಿಂದಲೂ ಆಂಧ್ರ, ತಮಿಳುನಾಡುಗಳಿಂದಲೂ ಬರುತ್ತದೆ. ಕೂತವರಲ್ಲಿ ಬೆಳೆದವರೆಷ್ಟು, ಕೊಂಡು ತಂದು ಮಾರುವವರೆಷ್ಟು ಎಂದು ಕೇಳಬೇಡಿ. ಆದರೂ ಒಂದು ಗುಣ ಅಲ್ಲಿ ಉಳಿದಿದೆ. ಸೇರಿನಲ್ಲಿ ಅಳೆದು, ಮೇಲೆ ಒಂದು ಹಿಡಿ ಕೊಸರು ಸುರಿದು, ಬೆಲೆಯನ್ನು ಗಟ್ಟಿಯಾಗಿ ಕೂಗಿ ಮಾರುತ್ತಾರೆ. ಅಲ್ಲಿ ಬೆಲೆಯನ್ನು ಯಾರೂ ಟವೆಲ್ ಅಡಿಯಲ್ಲಿ ಬಚ್ಚಿಡುವುದಿಲ್ಲ.

ಹಲಸಿನ ವಿಚಾರಕ್ಕೆ ಬರೋಣ, ಏಕೆಂದರೆ ಮೇಳಗಳು ನಿಜವಾಗಿ ಏನಾದರೂ ಕೆಲಸ ಮಾಡಿದ್ದರೆ ಹಲಸಿನಲ್ಲಿ ಮಾಡಿವೆ. ನಮ್ಮ ಬಯಲುಸೀಮೆಯಲ್ಲಿ ಹಲಸಿನ ವ್ಯಾಪಾರ ನಡೆಯುತ್ತಿದ್ದುದು ಹೇಗೆ? ಕಾಯಿ ಇನ್ನೂ ಎಳೆಯದಾಗಿರುವಾಗಲೇ ವ್ಯಾಪಾರಿ ಬಂದು ಮರದ ಸುತ್ತ ಒಂದು ಸುತ್ತು ಹಾಕುತ್ತಾನೆ. "ಈ ಮರಕ್ಕೆ ಇಷ್ಟು" ಎನ್ನುತ್ತಾನೆ. ಇಡೀ ಮರ ಗುತ್ತಿಗೆ. ಹಣ್ಣಿಗೆ ಬೆಲೆಯಿಲ್ಲ, ತೂಕಕ್ಕೆ ಬೆಲೆಯಿಲ್ಲ, ರುಚಿಗಂತೂ ಇಲ್ಲವೇ ಇಲ್ಲ. ಜೇನಿನಂಥ ತೊಳೆ ಬಿಡುವ ಮರಕ್ಕೂ ಸಪ್ಪೆ ತೊಳೆಯ ಮರಕ್ಕೂ ಒಂದೇ ರೇಟು, ಕಾಯಿಗಳ ಸಂಖ್ಯೆ ಒಂದೇ ಆಗಿದ್ದರೆ. ಗುಬ್ಬಿ ತಾಲ್ಲೂಕಿನ ಚೇಳೂರು ಮಾರುಕಟ್ಟೆಗೆ ಹೋದರೆ ಹಲಸಿನ ರಾಶಿ ನೋಡಬಹುದು. ಅಲ್ಲಿಂದ ಲಾರಿಗಳಲ್ಲಿ ಬೇರೆ ರಾಜ್ಯಗಳಿಗೂ ಹೋಗುತ್ತದೆ. ಆ ರಾಶಿಯಲ್ಲಿ ಯಾವ ಹಣ್ಣು ಯಾವ ಮರದ್ದೆಂದು ಹೆತ್ತ ಮರಕ್ಕೂ ಗೊತ್ತಾಗದು.

ಹಲಸಿನ ಮೇಳಗಳು ಮಾಡಿದ್ದು ಒಂದೇ ಕೆಲಸ: ಹಣ್ಣನ್ನು ಕತ್ತರಿಸಿದವು. ಅಷ್ಟೇ. ತೊಳೆ ಬಿಡಿಸಿ ತಟ್ಟೆಯಲ್ಲಿಟ್ಟು "ರುಚಿ ನೋಡಿ" ಎಂದವು. ನಗರದಲ್ಲಿ ಇಡೀ ಹಲಸನ್ನು ಹೊತ್ತುಕೊಂಡು ಹೋಗಿ ಮೇಣ ಮೆತ್ತಿಸಿಕೊಳ್ಳುವವರು ಯಾರು? ಬಿಡಿಸಿದ ತೊಳೆಗೆ ಮಾತ್ರ ಗಿರಾಕಿಯಿದ್ದ. ತೊಳೆ ಬಾಯಿಗೆ ಹೋದೊಡನೆ ಒಂದು ಮರದ ಹಣ್ಣು ಇನ್ನೊಂದು ಮರದ್ದರಂತಲ್ಲ ಎಂಬುದು ಕೊಳ್ಳುವವನಿಗೂ ಗೊತ್ತಾಯಿತು, ಅದಕ್ಕಿಂತ ಹೆಚ್ಚಾಗಿ ಬೆಳೆದವನಿಗೆ ಗೊತ್ತಾಯಿತು. ದೊಡ್ಡಬಳ್ಳಾಪುರದ ತೂಬಗೆರೆಯಲ್ಲಿ ಬೆಳೆಗಾರರು ಸಂಘ ಕಟ್ಟಿಕೊಂಡರು, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬೆನ್ನಿಗೆ ನಿಂತರು. ಗುತ್ತಿಗೆಗೆ ಮರ ಕೊಡುತ್ತಿದ್ದವರು ಹಣ್ಣನ್ನು ತಾವೇ ಮಾರುವ ಮಾತನಾಡತೊಡಗಿದ್ದು ಹೀಗೆ ಒಟ್ಟು ಕೂತಿದ್ದರಿಂದ.

ಚೇಳೂರಿನ ಅದೇ ಮಾರುಕಟ್ಟೆಯ ನೆರೆಯ ಒಂದು ತೋಟದಲ್ಲಿ ಕೆಂಪು ತೊಳೆಯ, ಎರಡು ಎರಡೂವರೆ ಕೆ.ಜಿ. ತೂಗುವ ಪುಟ್ಟ ಹಣ್ಣಿನ ಮರವೊಂದಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ 'ಸಿದ್ದು' ಎಂಬ ಹೆಸರು ಕೊಟ್ಟಿತು. ಆ ಹೆಸರು ಮರ ನೆಟ್ಟ, ಈಗಿನ ಒಡೆಯರ ತಂದೆಯ ನೆನಪಿಗೆ. 2017ರ ಸುಮಾರಿಗೆ ಮರದ ಒಡೆಯರ ಜೊತೆ ಒಪ್ಪಂದ ಮಾಡಿಕೊಂಡಿತು. ಕಸಿ ಗಿಡ ಮಾರಿ ಬಂದ ಹಣದಲ್ಲಿ ನೂರಕ್ಕೆ 75 ಪಾಲು ರೈತನಿಗೆ. ಇಡೀ ಮರವೇ ಗುತ್ತಿಗೆಗೆ ಹೋಗುವ ಸೀಮೆಯಲ್ಲಿ ಒಂದು ಮರದ ಕಸಿ ಕಡ್ಡಿಗೆ ಬೆಲೆ ಬಂತು. ನಮ್ಮ ಹಿತ್ತಿಲುಗಳಲ್ಲಿ ಇಂಥ ಎಷ್ಟು ಮರಗಳು ಸೌದೆಯಾಗಿವೆಯೋ ಏನೋ. ನಾಳೆ ಹಣ್ಣಿನ ಸ್ಪರ್ಧೆಗೆ ತರುವವರು ದಯವಿಟ್ಟು ಮರ ಎಲ್ಲಿದೆ ಎಂಬುದನ್ನೂ ಚೀಟಿಯಲ್ಲಿ ಬರೆದು ತನ್ನಿ. ಬಹುಮಾನದ ಸ್ಟೀಲ್ ಪಾತ್ರೆಗಿಂತ ಅದು ಮುಖ್ಯ.

ಜೊಯಿಡಾದ ಗೆಡ್ಡೆ ಗೆಣಸು ಮೇಳದ ಬಗ್ಗೆಯೂ ಹೇಳಲೇಬೇಕು. ಉತ್ತರ ಕನ್ನಡದ ಆ ತಾಲ್ಲೂಕು ಬಹುಪಾಲು ಕಾಡು. ಒಂದು ಕಡೆ ಗೋವಾ, ಇನ್ನೊಂದು ಕಡೆ ದಾಂಡೇಲಿ. ಅಲ್ಲಿನ ಕುಣಬಿ ಜನ ಹಿತ್ತಿಲಿನಲ್ಲಿ ತಲೆಮಾರುಗಳಿಂದ ಗೆಡ್ಡೆ ಬೆಳೆದುಕೊಂಡು ಬಂದವರು. ಮುಡ್ಲಿ ಎಂಬ ಕೆಸುವಿನ ಜಾತಿಯ ಗೆಡ್ಡೆಯಿದೆ, ಮಗುವಿನಂತೆ ಎರಡೂ ಕೈಗಳಲ್ಲಿ ಎತ್ತಿಕೊಳ್ಳಬೇಕು, ಅಷ್ಟು ದೊಡ್ಡದು. ಚಳಿಗಾಲದಲ್ಲಿ ಗೆಡ್ಡೆ ಅಗೆಯುವ ಹೊತ್ತಿಗೆ ಮೇಳ. ಹೆಂಗಸರು ತಮ್ಮ ಮನೆಯ ಗೆಡ್ಡೆಗಳನ್ನು ತಂದು ಸಾಲಾಗಿ ಜೋಡಿಸುತ್ತಾರೆ, ಅಡುಗೆ ಮಾಡಿ ಬಡಿಸುತ್ತಾರೆ. ಬಡವರ ಊಟ, ಅಕ್ಕಿ ಇಲ್ಲದ ದಿನದ ಊಟ ಎಂದು ನಾಚಿಕೊಂಡು ಮುಚ್ಚಿಡುತ್ತಿದ್ದುದನ್ನು ಮೇಜಿನ ಮೇಲೆ ಇಟ್ಟು ಹೆಸರು ಹೇಳುವುದು ಸಣ್ಣ ಮಾತಲ್ಲ. ನಾಚಿಕೆಯಿರುವ ವಸ್ತುವಿಗೆ ಯಾರೂ ಒಳ್ಳೆಯ ಬೆಲೆ ಹೇಳಲಾರರು. ನನ್ನ ಮೊದಲ ಮೇಳದಲ್ಲಿ ನನ್ನ ನಾಲಿಗೆ ಹಿಡಿದದ್ದೂ ಅದೇ ಇರಬೇಕು. ಕೆಂಪಗೆ, ದಪ್ಪಗೆ ಇರುವ ಅಕ್ಕಿ, ಪಾಲಿಶ್ ಇಲ್ಲ, ಪೇಟೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು.

ಬೇರೆಯವರು ಈ ಕಗ್ಗಂಟನ್ನು ಹೇಗೆ ಬಿಡಿಸಿಕೊಂಡರು? ಪಂಜಾಬಿನಲ್ಲಿ 1987ರಲ್ಲೇ ರೈತರೇ ನೇರವಾಗಿ ಮಾರುವ 'ಅಪ್ನಿ ಮಂಡಿ' ಬಂತು. 1999ರಲ್ಲಿ ಅಂಥದ್ದೇ ಆಂಧ್ರದ ರೈತು ಬಜಾರ್, ಅದೇ ವರ್ಷ ನವೆಂಬರಿನಲ್ಲಿ ಮಧುರೆಯಲ್ಲಿ ತಮಿಳುನಾಡಿನ ಮೊದಲ ಉಳವರ್ ಸಂದೈ. ಉಳವರ್ ಸಂದೈಯಲ್ಲಿ ರೈತನಿಗೆ ಗುರುತಿನ ಚೀಟಿಯಿದೆ, ತಕ್ಕಡಿಯನ್ನು ಅಲ್ಲೇ ಕೊಡುತ್ತಾರೆ, ದಲ್ಲಾಳಿಗೆ ಪ್ರವೇಶವಿಲ್ಲ. ಪ್ರತಿದಿನ ಬೆಳಿಗ್ಗೆ ದರ ನಿಗದಿಯಾಗಿ ಹಲಗೆಯ ಮೇಲೆ ಬರುತ್ತದೆ: ಸಗಟು ದರಕ್ಕಿಂತ ನೂರಕ್ಕೆ ಸುಮಾರು 20 ಪಾಲು ಮೇಲೆ, ಅಂಗಡಿಯ ಚಿಲ್ಲರೆ ದರಕ್ಕಿಂತ ನೂರಕ್ಕೆ 15 ಪಾಲು ಕೆಳಗೆ ಎಂಬ ಲೆಕ್ಕದಲ್ಲಿ. ಒಳ್ಳೆಯ ವ್ಯವಸ್ಥೆ, ತರಕಾರಿಗೆ ಬಹಳ ಒಳ್ಳೆಯದು. ನಮ್ಮ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು. ಅಲ್ಲಿಯೂ ದರಪಟ್ಟಿಯೇ ಆಧಾರ. ಇವೆಲ್ಲ ರೈತನ ಜೇಬಿಗೆ ನಾಲ್ಕು ಕಾಸು ಹೆಚ್ಚು ಹಾಕಿದವು. ಆದರೆ ಹಲಗೆಯ ಬೆಲೆ ಹುಟ್ಟುವುದು ಮಂಡಿಯ ಬೆಲೆಯಿಂದ. ನನ್ನ ಖರ್ಚು ಎಷ್ಟಾಯಿತೆಂದು ಹಲಗೆ ಕೇಳುವುದಿಲ್ಲ.

ಖರ್ಚನ್ನು ಕೇಳಿದ ಒಂದು ಉದಾಹರಣೆ ದೂರದ ಅಮೆರಿಕದ್ದು. ಒರೆಗಾನ್ ರಾಜ್ಯದ ಒಣ ಬಯಲಿನಲ್ಲಿ, ಬ್ರದರ್ಸ್ ಎಂಬ ಪುಟ್ಟ ಊರಿನ ಡಾಕ್ ಮತ್ತು ಕಾನಿ ಹ್ಯಾಟ್‌ಫೀಲ್ಡ್ ದಂಪತಿ 1986ರಲ್ಲಿ ಸುತ್ತಲಿನ ಪಶುಪಾಲಕರನ್ನು ಸೇರಿಸಿದರು. ಹದಿನಾಲ್ಕು ಕುಟುಂಬಗಳು. ಮಾಂಸಕ್ಕಾಗಿ ದನ ಸಾಕುವ ವೃತ್ತಿ ಅವರದು. ನಮ್ಮಲ್ಲಿ ಕೆಲವರಿಗೆ ಆ ಮಾತು ಹಿತವಾಗದಿರಬಹುದು. ನಾನು ಹೇಳುತ್ತಿರುವುದು ಅವರ ಲೆಕ್ಕದ ಬಗ್ಗೆ. ಸಾಲದ ಹೊರೆಯಲ್ಲಿದ್ದ ಕಾಲ ಅದು, ಹರಾಜಿನಲ್ಲಿ ಸಿಕ್ಕಿದ್ದೇ ಬೆಲೆ. ಈ ಕುಟುಂಬಗಳು ಒಟ್ಟು ಕೂತು ಒಂದು ದನ ಬೆಳೆಸಲು ಏನು ತಗಲುತ್ತದೆ, ಅದರ ಮೇಲೆ ಬದುಕಲು ಎಷ್ಟು ಬೇಕು ಎಂದು ಬರೆದುಕೊಂಡು, ಆ ಬೆಲೆಯನ್ನು ಅಂಗಡಿಯವರ ಮುಂದೆ ಇಟ್ಟವು. ಇನ್ನೊಂದು ನಿಯಮವನ್ನೂ ಮಾಡಿಕೊಂಡವು: ಪ್ರತಿ ಸದಸ್ಯ ಕುಟುಂಬವೂ ವರ್ಷಕ್ಕೊಮ್ಮೆ ಪಟ್ಟಣದ ಅಂಗಡಿಯಲ್ಲಿ ನಿಂತು ಕೊಳ್ಳುವವರ ಜೊತೆ ಮಾತನಾಡಬೇಕು. ಕುದುರೆ ಸವಾರಿ ಬಿಟ್ಟು ಬೇರೇನನ್ನೂ ಅರಿಯದ, ಮಾತೇ ಆಡದ ಗಂಡಸರು ಅಂಗಡಿಯ ನಡುವೆ ಟೋಪಿ ತಿರುಗಿಸುತ್ತಾ ನಿಂತಿರುವುದನ್ನು ಊಹಿಸಿಕೊಂಡರೆ ನನಗೆ ನನ್ನ ಅಕ್ಕಿ ಮೇಜೇ ನೆನಪಾಗುತ್ತದೆ. ಅವರ ಸಭೆಗಳಲ್ಲಿ ಎಲ್ಲರೂ ವೃತ್ತಾಕಾರವಾಗಿ ಕೂರುತ್ತಾರೆ, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ವೇದಿಕೆ ಇಲ್ಲ, ಹಾರವಿಲ್ಲ. ಇಲ್ಲಿ ಈ ವೇದಿಕೆ ಕಟ್ಟಲು ಎಷ್ಟು ಖರ್ಚಾಯಿತೆಂದು ಖಜಾಂಚಿಗಳನ್ನು ಆಮೇಲೆ ಕೇಳಿ ನೋಡಿ.

ಇನ್ನು ನಮ್ಮ ಲೆಕ್ಕ. ಭತ್ತದವರು ಗಮನ ಕೊಡಿ. ಒಂದು ಕೆ.ಜಿ. ಭತ್ತಕ್ಕೆ ನಿಮಗೆ ನ್ಯಾಯವಾಗಿ 30 ರೂಪಾಯಿ ಬರಬೇಕು ಎಂದಿಟ್ಟುಕೊಳ್ಳಿ. 100 ಕೆ.ಜಿ. ಭತ್ತ ಗಿರಣಿಗೆ ಹಾಕಿದರೆ ಅಕ್ಕಿ 65 ಕೆ.ಜಿ. ಬಂದರೆ ಪುಣ್ಯ. ಅಂದರೆ ಅಕ್ಕಿಯ ಲೆಕ್ಕ ಕೆ.ಜಿ.ಗೆ 46 ರೂಪಾಯಿಯಿಂದ ಶುರುವಾಗುತ್ತದೆ, ಮೂವತ್ತರಿಂದಲ್ಲ. ನಮ್ಮಲ್ಲಿ ಅರ್ಧ ಜನ ಮೊದಲು ಎಡವುವುದು ಇಲ್ಲೇ. ಅದರ ಮೇಲೆ ಗಿರಣಿಯ ಕೂಲಿ, ಚೀಲ, ಹೊಲಿಗೆ, ಸಾಗಣೆ. ಮಳಿಗೆಯಲ್ಲಿ ನಿಲ್ಲುವ ಇಬ್ಬರ ದಿನಗೂಲಿ. ಮನೆಯವರಿಗೆ ಕೂಲಿ ಯಾಕೆ ಎನ್ನಬೇಡಿ. ಅದೇ ದಿನ ಅವರು ಬೇರೆಯವರ ತೋಟಕ್ಕೆ ಹೋಗಿದ್ದರೆ ಸಿಗುತ್ತಿತ್ತಲ್ಲ. ನುಚ್ಚು, ಹುಳ, ಇಲಿ, ರುಚಿ ನೋಡಲು ಕೊಟ್ಟ ಹಿಡಿ, ನೆಂಟರು ಒಯ್ದ ಚೀಲ. ಎಲ್ಲ ಬರೆಯಿರಿ. ಅಲ್ಲಿಗೆ ಬಂದ ಮೊತ್ತವನ್ನು ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿ. ನಗಬೇಡಿ, ನಾನು ಹೇಳಿದ್ದೇನೆ. ಮೂರನೆಯ ಸಲಕ್ಕೆ ಧ್ವನಿ ನಡುಗುವುದು ನಿಂತಿತು.

ಇಷ್ಟಾದರೂ ಒಬ್ಬನೇ ಹೇಳಿದ ಬೆಲೆ ಸಂಜೆಯವರೆಗೆ ನಿಲ್ಲುವುದಿಲ್ಲ. ಒಂದು ಮೇಳದಲ್ಲಿ ನಾವು ಆರು ಜನ ರಾಗಿ ಹುರಿಹಿಟ್ಟು ಇಟ್ಟಿದ್ದೆವು. ಮೂರು ಗಂಟೆಗೆ ಬಸ್ಸಿಗೆ ಹೊತ್ತಾಯಿತೆಂದು ಒಬ್ಬರು ಹತ್ತು ರೂಪಾಯಿ ಇಳಿಸಿದರು. ಪಕ್ಕದವರು ಹದಿನೈದು. ನಾಲ್ಕು ಗಂಟೆಯ ಹೊತ್ತಿಗೆ ಆರೂ ಜನ ನಷ್ಟದಲ್ಲಿದ್ದೆವು, ಆರೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ದಲ್ಲಾಳಿ ಇಲ್ಲದ ಜಾಗದಲ್ಲಿ ನಾವೇ ಒಬ್ಬರಿಗೊಬ್ಬರು ದಲ್ಲಾಳಿಗಳಾಗಿದ್ದೆವು. ಆದ್ದರಿಂದಲೇ ಇವತ್ತಿನ ಈ ಸಭೆ. ಒಂದೇ ಪದಾರ್ಥ ತಂದವರು ಊಟದ ನಂತರ ಒಟ್ಟು ಕೂರಬೇಕು. ಬೆಲೆ ಒಂದೇ ಆಗಿರಬೇಕೆಂದು ನಾನು ಹಟ ಹಿಡಿಯುವುದಿಲ್ಲ, ಕಾಳಿನ ಗುಣ ಬೇರೆ ಇರುತ್ತದೆ. ಆದರೆ ನಿಮ್ಮ ಖರ್ಚಿನ ಹಾಳೆಯನ್ನು ಪಕ್ಕದವರಿಗೆ ತೋರಿಸಿ, ಅವರದ್ದನ್ನು ನೋಡಿ.

ಸಾವಯವ ಎಂದು ಬರೆದುಕೊಂಡವರಿಗೆ ಎರಡು ಮಾತು. ಪಿಜಿಎಸ್ ಪದ್ಧತಿಯಲ್ಲಿ ಕನಿಷ್ಠ ಐದು ರೈತರ ಗುಂಪು ಪರಸ್ಪರರ ಹೊಲ ನೋಡಿ ಖಾತರಿ ಕೊಡುತ್ತದೆ. 2017ರ ಸಾವಯವ ಆಹಾರ ನಿಯಮಗಳಲ್ಲಿ ಸಣ್ಣ ಬೆಳೆಗಾರ ನೇರವಾಗಿ ತಿನ್ನುವವರಿಗೇ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ವಿನಾಯಿತಿ ಕಾಗದಕ್ಕೆ, ಸತ್ಯಕ್ಕೆ ವಿನಾಯಿತಿ ಇಲ್ಲ. ನಿಮ್ಮ ಹೊಲವನ್ನು ನೋಡಿದ ನಾಲ್ಕು ಜನ ನಾಳೆ ನಿಮ್ಮ ಪಕ್ಕದ ಮಳಿಗೆಯಲ್ಲೇ ಇರುತ್ತಾರೆ. ಇನ್ನು, ತಕ್ಕಡಿಗೆ ಮುದ್ರೆ ಹಾಕಿಸಿರಿ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಮಂಡಿಯವನ ತೂಕವನ್ನು ಬೈದು ಬಂದವರು ನಮ್ಮ ತೂಕವನ್ನು ಬೈಸಿಕೊಳ್ಳಬಾರದು.

ಮೇಳದ ಮರುದಿನದ ಪ್ರಶ್ನೆ ದೊಡ್ಡದು. ವರ್ಷಕ್ಕೊಮ್ಮೆ ಬಂದು ಕೊಂಡವರು ಉಳಿದ 364 ದಿನ ಏನು ತಿನ್ನಬೇಕು? ಪ್ರತಿ ಮಳಿಗೆಯವರೂ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ, ಒಪ್ಪಿದವರ ಫೋನ್ ನಂಬರ್ ಬರೆದುಕೊಳ್ಳಿ. ನಾಳೆ ಸಂಜೆ ಆ ಪುಸ್ತಕಗಳನ್ನು ಒಟ್ಟು ಹಾಕಿ, ಪೇಟೆಯ ಯಾವ ಬಡಾವಣೆಯಲ್ಲಿ ಎಷ್ಟು ಮನೆಗಳಿವೆ ನೋಡಿ, ತಿಂಗಳಿಗೆ ಎರಡು ಭಾನುವಾರದ ಸಂತೆ ಎಲ್ಲಿ ಹಾಕಬಹುದೆಂದು ಮಾತನಾಡೋಣ. ಭಾಷಣ ಮಾಡುವವರು ಆ ಹೊತ್ತಿಗೆ ಹೊರಟುಹೋಗಿರುತ್ತಾರೆ, ಅನುಕೂಲವೇ ಆಯಿತು.

ನಾನು ಇಷ್ಟಕ್ಕೆ ನಿಲ್ಲಿಸಿದೆ. ಮುಂದಿನ ಸಾಲಿನಲ್ಲಿದ್ದ, ನಲವತ್ತು ವರ್ಷಗಳಿಂದ ಸಂತೆಯಲ್ಲಿ ಸೊಪ್ಪು ಮಾರುವ ಅಕ್ಕ ಎದ್ದು ನಿಂತರು. "ಎಲ್ಲ ಹೇಳಿದಿರಿ ಅಣ್ಣ. ಸಂಜೆ ಉಳಿದ ಸೊಪ್ಪಿಗೆ ಏನು ಬೆಲೆ ಹೇಳಬೇಕು, ಅದನ್ನು ಹೇಳಲಿಲ್ಲ" ಎಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕಿ ಉಳಿದರೆ ಮನೆಗೆ ಒಯ್ಯಬಹುದು, ಸೊಪ್ಪು ಬಾಡುತ್ತದೆ. ನೀವು ಏನು ಮಾಡುತ್ತೀರಿ ಎಂದು ಅವರನ್ನೇ ಕೇಳಿದೆ.

"ಐದು ಗಂಟೆಗೆ ಅರ್ಧ ಬೆಲೆಗೆ ಸಿಗುತ್ತದೆ ಎಂದು ಜನಕ್ಕೆ ಗೊತ್ತಾದರೆ ಬೆಳಿಗ್ಗೆ ಯಾರು ಬರುತ್ತಾರೆ? ಬೆಲೆ ಇಳಿಸುವುದಿಲ್ಲ. ಪಕ್ಕದಲ್ಲಿ ಮೆಣಸಿನಕಾಯಿ ಮಾರುವವಳಿಗೆ ಎರಡು ಕಟ್ಟು ಕೊಡುತ್ತೇನೆ, ಅವಳು ನನಗೆ ಒಂದು ಹಿಡಿ ಮೆಣಸಿನಕಾಯಿ ಕೊಡುತ್ತಾಳೆ. ಮಿಕ್ಕಿದ್ದು ಹಸುವಿಗೆ."

ಸಭೆಯ ನಡಾವಳಿ ಬರೆಯುತ್ತಿದ್ದ ಹುಡುಗ ತಲೆ ಎತ್ತಿ, ಇದನ್ನೂ ಬರೆದುಕೊಳ್ಳಬೇಕೇ ಎಂದು ಕೇಳಿದ. ಬರೆದುಕೋ ಎಂದೆ.